ಬಿದ್ದುಹೋದ ಎಸ್

ಬೀದರಿನ ಮಂಗಲಪೇಟೆಯ ಶಾಲೆಯಲ್ಲಿ ಉಕ್ತಲೇಖನ.
ಜೆಮಿಮಾ ಟೀಚರು ಕಿಟಕಿಯ ಕಡೆ ಮುಖ ಮಾಡಿ ಹೇಳುತ್ತಿದ್ದರು:
ನಾವಿಕನು ಬಹಳ ದೂರದಲ್ಲಿ
ನೆಲವನ್ನು ಡಿಸ್ಕ್ರೈ ಮಾಡಿದನು, ಫುಲ್‌ಸ್ಟಾಪ್.

ನಾನು ಒಂದು ಎಸ್ ನುಂಗಿದೆ.
ಅಷ್ಟಕ್ಕೇ, ಮೂರು ತಿಂಗಳು ಉಪ್ಪುನೀರಲ್ಲಿ ತೇಲಿ ಬಂದವನು
ಕೊನೆಗೂ ಕಂಡ ನೆಲವನ್ನು
ಬಾಯಿಗೆ ಬಂದಂತೆ ಬೈದುಬಿಟ್ಟ.

ಟೀಚರು ನಕ್ಕರು. ಅವರು ನಗುವುದು ವರ್ಷಕ್ಕೆ ಎರಡು ಸಲ,
ಕ್ರಿಸ್ಮಸ್ಸಿಗೊಂದು, ಮತ್ತೆ ಹೀಗೊಂದು.
“ಎರಡೂ ಒಂದೇ ಹೊಟ್ಟ್ಯಾಗಿನ ಮಕ್ಳು ನೋಡವಾ,
ಕಾಣೋದು, ಹಳಿಯೋದು.
ಎರಡರ ಒಳಗೂ ಒಂದು ಕೂಗು ಕುಂತದ.”

ಕಾಣುವುದರೊಳಗೆ ಕೂಗು ಯಾಕೆ ಕೂತಿದೆ, ಹೇಳಲಿಲ್ಲ.
ಗಂಟೆ ಹೊಡೆಯಿತು.

ಈಗ ನನ್ನದೇ ಮೇಜಿನ ಮೇಲೆ ಇದೆ
ಬೆನ್ನು ಕಿತ್ತ ದಪ್ಪ ಶಬ್ದಕೋಶ.
ಡಿಸ್ಕ್ರೈ: ದೂರದ್ದನ್ನು, ಮಸುಕಾದದ್ದನ್ನು,
ಇದೆಯೋ ಇಲ್ಲವೋ ಅನ್ನಿಸುವಂಥದ್ದನ್ನು ಕಣ್ಣು ಹಿಡಿಯುವುದು.
ತಾಟಿನಲ್ಲಿರುವ ರೊಟ್ಟಿಯನ್ನು ಯಾರೂ ಡಿಸ್ಕ್ರೈ ಮಾಡುವುದಿಲ್ಲ.
ಪದದ ಬೇರು ಹಳೆಯ ಫ್ರೆಂಚಿನಲ್ಲಿ:
ಸಾರು, ಕೂಗಿ ಹೇಳು, ಡಂಗುರ ಹೊಡೆ.

ಚೌಬಾರಾದ ತುದಿಯಲ್ಲಿ ಹಿಂದೊಬ್ಬ ಕಾವಲಿನವನು ನಿಂತಿದ್ದಾನು.
ಬಯಲಿನಂಚಿಗೆ ಧೂಳೆದ್ದರೆ ಅವನು ಕೂಗಬೇಕು.
ಕೂಗದಿದ್ದರೆ ಅವನು ಕಂಡದ್ದು
ಯಾರ ಲೆಕ್ಕಕ್ಕೂ ಇಲ್ಲ.
(ಇದು ಶಬ್ದಕೋಶದಲ್ಲಿಲ್ಲ. ಆಟೋದಲ್ಲಿ ಆ ಗಡಿಯಾರವನ್ನು
ಸುತ್ತಿ ಬರುವಾಗ ನನಗೆ ಹೊಳೆದದ್ದು.)

ಆದರೆ ತುಕ್ಕಮ್ಮಾಯಿಯ ಲೆಕ್ಕ ಬೇರೆ.

ಸಂತಪುರದಾಚೆ, ಹಿಂಗಾರಿ ಜೋಳ ಹಾಲ್ದೆನೆಗೆ ಬಂದ ದಿನ.
ಮಂಚಿಗೆಯ ಮೇಲೆ ಆಯಿ, ಅವಳ ಮೊಣಕಾಲಿಗೆ ಆತು ನಾನು,
ಕವಣೆ ಸುಮ್ಮನೆ ತೊಡೆಯ ಮೇಲೆ.
ಮಂಜು ಎಷ್ಟಿತ್ತೆಂದರೆ ಮುಂದಿನ ಸಾಲಿನ ದಂಟೂ ಇಲ್ಲ,
ಹೊಲವೇ ಇಲ್ಲ, ಒದ್ದೆ ಬಿಳುಪು ಮಾತ್ರ.
ಆಯಿ ಎದ್ದು ನಿಂತು ಕುತ್ತಿಗೆಯ ನರ ಉಬ್ಬಿಸಿ
ಹ್ಹೋ... ಅಂದಳು.

ಆಗ ಎದ್ದವು,
ಒಂದು ಹಿಡಿ ಗುಬ್ಬಿ, ಆಮೇಲೆ ಒಂದು ಚೀಲ ಗುಬ್ಬಿ,
ಬಿಳುಪನ್ನು ಹರಕೊಂಡು ನಾಲ್ಕು ಗಿಣಿ,
ಅವು ಕೂತಿದ್ದ ತೆನೆ ತೂಗಿ, ತೆನೆಯ ಕೆಳಗೆ ದಂಟು,
ದಂಟಿನ ಹಿಂದೆ ದಂಟು.
ಹೊಲ ಬಂತು.

“ಆಯಿ, ಅಷ್ಟು ಮಂಜಿನ್ಯಾಗ ಹಕ್ಕಿ ಹ್ಯಾಂಗ ಕಂಡ್ವು ನಿನಗ?”
“ಎಲ್ಲಿ ಕಂಡಾವ? ಕೂಗಿ ನೋಡ್ದೆ.”

ಕೂಗಿ ನೋಡ್ದೆ.
ಮೂವತ್ತು ವರ್ಷ ಹುಡುಕಿದ್ದೇನೆ ಫ್ರೆಂಚಿನ ಬೇರಿನಲ್ಲಿ
ಆಯಿ ಎಲೆಯಡಿಕೆ ಜಗಿಯುತ್ತ ಉಗುಳಿದ್ದನ್ನು.
ನಾವು ಯಾವ ಕೆಲಸದ ಬಾಲಕ್ಕೂ ಕಣ್ಣು ಕಟ್ಟುವ ಮಂದಿ,
ಮೂಸಿ ನೋಡು, ತಿಂದು ನೋಡು, ಬೇಡಿ ನೋಡು.
ಮನೆ ಕಟ್ಟಿ ನೋಡು ಅಂದವರು
ಮನೆಯನ್ನು ನೋಡು ಅನ್ನಲಿಲ್ಲ.
ಮೊದಲು ಕೈ, ಮೊದಲು ಬಾಯಿ. ಕಣ್ಣು ಹಿಂದಿನಿಂದ,
ಚಪ್ಪಲಿ ಹುಡುಕಿಕೊಂಡು, ತಡವಾಗಿ ಬರುತ್ತದೆ.

ಹೋದ ಮಂಗಳವಾರ, ಬಸ್ ನಿಲ್ದಾಣ.
ಜಹೀರಾಬಾದ್ ಬಸ್ಸಿನ ಬಾಗಿಲಿಗೆ ಜೋತುಬಿದ್ದ ಜನದ ನಡುವೆ
ಒಂದು ನರೆತ ತುರುಬು, ಸ್ವಲ್ಪ ಎಡಕ್ಕೆ ವಾಲಿದ ನಡಿಗೆ.
ಅವರೋ, ಅವರಂಥ ಯಾರೋ.
“ಟೀಚರ್!” ಅಂದೆ.
ಐದು ಜನ ತಿರುಗಿದರು, ಪೇರಲ ಮಾರುವವಳೂ ಸೇರಿ.
ತುರುಬು ಬಸ್ಸಿನೊಳಗೆ ಹೋಯಿತು.

ಮತ್ತೆ ಕೂಗಿದೆ, ಈ ಸಲ ಎಸ್ ಬಿಡದೆ,
ನಿಲ್ದಾಣದ ತಗಡೆಲ್ಲ ಗುಂಯ್‌ಗುಡುವಂತೆ:
“ಡಿಸ್ಕ್ರೈ!”

ಕಂಡಕ್ಟರ್ ಟಿಕೆಟ್ ಮಷಿನ್ನಿನಿಂದ ತಲೆಯೆತ್ತಿ,
“ಅದ್ಯಾವ ಊರವ್ವಾ? ಈ ಬಸ್ ಅಲ್ಲಿಗಿ ಹೋಗಂಗಿಲ್ಲ.”

ಮೂರನೆಯ ಕಿಟಕಿಯಲ್ಲಿ ಒಂದು ಕನ್ನಡಕ ಇಳಿಯಿತು,
ಸೆರಗಿನ ಚುಂಗಿನಲ್ಲಿ ಉಜ್ಜಿಸಿಕೊಂಡು
ಮತ್ತೆ ಮೂಗಿಗೇರಿತು,
ನನ್ನ ಕಡೆಗೋ, ನಿಲ್ದಾಣದ ಗಡಿಯಾರದ ಕಡೆಗೋ.